ಸೆಟ್ಟಿನ ಹಳೆಯ ಬಂದೂಕು: ಗುಂಡಿಲ್ಲವೆಂದು ಹೇಳಬೇಕಾದವರು ಯಾರು?

ಬೆಂಗಳೂರು: 2021ರ ಅಕ್ಟೋಬರ್ 21. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಫೆ ಸಮೀಪದಲ್ಲಿರುವ ಬೊನಾಂಜಾ ಕ್ರೀಕ್ ರಾಂಚ್‌ನಲ್ಲಿ ‘ರಸ್ಟ್’ ಎಂಬ ಕೌಬಾಯ್ ಚಿತ್ರದ ತಾಲೀಮು ನಡೆದಿತ್ತು. ಮರದ ಪುಟ್ಟ ಚರ್ಚ್‌ನೊಳಗೆ ನಟ ಅಲೆಕ್ ಬಾಲ್ಡ್‌ವಿನ್ ಒರಗು ಬೆಂಚಿನ ಮೇಲೆ ಕುಳಿತು, ಸೊಂಟದ ಚೀಲದಿಂದ ರಿವಾಲ್ವರ್ ಸೆಳೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಕ್ಯಾಮೆರಾದ ಕೋನ ಗೊತ್ತು ಮಾಡುತ್ತಿದ್ದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಎದುರಿಗಿದ್ದರು. ಅವರ ಹಿಂದೆ ನಿರ್ದೇಶಕ ಜೋಯೆಲ್ ಸೋಜಾ. ರಿವಾಲ್ವರ್ ಸಿಡಿಯಿತು. ಗುಂಡು ಹಚಿನ್ಸ್ ಅವರ ದೇಹವನ್ನು ಸೀಳಿ ಹೊರಬಂದು ಸೋಜಾ ಅವರ ಭುಜದಲ್ಲಿ ನೆಟ್ಟಿತು. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಿದರೂ 42 ವರ್ಷದ ಹಚಿನ್ಸ್ ಬದುಕಿ ಉಳಿಯಲಿಲ್ಲ.

ಅಂದು ಜಗತ್ತಿನ ಪತ್ರಿಕೆಗಳೆಲ್ಲ ‘ಪ್ರಾಪ್ ಗನ್’ ಸಿಡಿದು ಸಾವು ಎಂದು ಬರೆದವು. ಓದಿದವರಲ್ಲಿ ಅನೇಕರು ಅದನ್ನು ಆಟಿಕೆಯ ಪಿಸ್ತೂಲೆಂದೇ ತಿಳಿದರು. ಈ ತಪ್ಪು ಗ್ರಹಿಕೆ ಸಹಜವಾದದ್ದೇ. ಆದರೆ ಚಿತ್ರೋದ್ಯಮದ ಭಾಷೆಯಲ್ಲಿ ‘ಪ್ರಾಪ್’ ಎಂದರೆ ದೃಶ್ಯದಲ್ಲಿ ಬಳಕೆಯಾಗುವ ಯಾವುದೇ ವಸ್ತು. ನಟನ ಕೈಲಿರುವ ಕಾಫಿ ಲೋಟವೂ ಪ್ರಾಪ್, ನಿಜವಾದ ಬಂದೂಕೂ ಪ್ರಾಪ್. ‘ರಸ್ಟ್’ ಸೆಟ್ಟಿನಲ್ಲಿದ್ದುದು 1873ರ ವಿನ್ಯಾಸದ ಕೋಲ್ಟ್ ರಿವಾಲ್ವರಿನ ಪ್ರತಿಕೃತಿ. ಇಟಲಿಯ ಪಿಯೆಟ್ಟಾ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ತಯಾರಿಸಿದ, .45 ವ್ಯಾಸದ ಗುಂಡು ಹಾರಿಸಬಲ್ಲ, ಎಲ್ಲ ಅರ್ಥದಲ್ಲೂ ಅಸಲಿ ಆಯುಧ. ಕಥೆ ನಡೆಯುವುದು 1880ರ ದಶಕದ ಕ್ಯಾನ್ಸಸ್‌ನಲ್ಲಿ. ಹೀಗಾಗಿ ಬಂದೂಕೂ ಆ ಕಾಲದ್ದೇ ಆಗಬೇಕಿತ್ತು.

ಐತಿಹಾಸಿಕ ಚಿತ್ರಗಳಿಗೆ ಹಳೆಯ ಮಾದರಿಯ ಬಂದೂಕು ಬೇಕೇ ಬೇಕು. ಹಳೆಯದೆಂದ ಮಾತ್ರಕ್ಕೆ ಅದು ಸೌಮ್ಯವಾದದ್ದು ಎಂಬ ಭಾವನೆ ಮಾತ್ರ ಸರಿಯಲ್ಲ. ಒಳಗೆ ಏನಿದೆ ಎಂದು ತಿಳಿದುಕೊಳ್ಳುವ ವಿಷಯದಲ್ಲಿ ಇಂದಿನ ಪಿಸ್ತೂಲಿಗಿಂತ ಅಜ್ಜನ ಕಾಲದ ಬಂದೂಕೇ ಹೆಚ್ಚು ಮೋಸಗಾರ.

ಮೂರು ಬಗೆಯ ತೋಟಾ, ಒಂದೇ ಮುಖ

ಈ ಪ್ರಕರಣ ಅರ್ಥವಾಗಬೇಕಾದರೆ ಮೊದಲು ತೋಟಾದ ರಚನೆ ತಿಳಿಯಬೇಕು. ಹಿತ್ತಾಳೆಯ ಸಣ್ಣ ಕೊಳವೆ, ಅದರ ತಳದಲ್ಲಿ ಪೆಟ್ಟು ಬಿದ್ದರೆ ಕಿಡಿ ಹೊತ್ತುವ ಪ್ರೈಮರ್ ಎಂಬ ಗುಂಡಿಯಂಥ ಬಿಲ್ಲೆ, ಕೊಳವೆಯೊಳಗೆ ಮದ್ದು, ಬಾಯಿಗೆ ಸೀಸದ ಗುಂಡು. ಈ ನಾಲ್ಕೂ ಇದ್ದರೆ ಅದು ಸಜೀವ ತೋಟಾ.

ಮದ್ದು ಮತ್ತು ಪ್ರೈಮರ್ ಇದ್ದು, ಗುಂಡಿಲ್ಲದೆ ಬಾಯಿಯನ್ನು ಮಡಿಚಿಯೋ ರಟ್ಟಿನಿಂದ ಮುಚ್ಚಿಯೋ ಇಟ್ಟರೆ ಅದು ‘ಬ್ಲ್ಯಾಂಕ್’. ಸದ್ದು, ಬೆಂಕಿ, ಹೊಗೆ ಎಲ್ಲವೂ ಬರುತ್ತವೆ. ಗುಂಡು ಮಾತ್ರ ಹೊರಡುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ‘ಡಮ್ಮಿ’. ಅದರಲ್ಲಿ ಗುಂಡಿರುತ್ತದೆ, ಮದ್ದು ಇರುವುದಿಲ್ಲ, ಕೆಲಸ ಮಾಡುವ ಪ್ರೈಮರ್ ಇರುವುದಿಲ್ಲ. ನೋಡಲು ಅಸಲಿಯಂತೆಯೇ ಕಾಣಬೇಕೆಂಬುದೇ ಅದರ ಉದ್ದೇಶ.

ಡಮ್ಮಿ ಯಾಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಉತ್ತರ ರಿವಾಲ್ವರಿನ ಆಕಾರದಲ್ಲಿಯೇ ಇದೆ. ಪಿಸ್ತೂಲಿನ ಹಿಡಿಕೆಯೊಳಗೆ ತೋಟಾಗಳು ಅಡಗಿರುತ್ತವೆ. ರಿವಾಲ್ವರಿನಲ್ಲಿ ಹಾಗಲ್ಲ, ತಿರುಗುವ ಉರುಳೆಯ ಕೋಣೆಗಳು ಮುಂಭಾಗಕ್ಕೆ ತೆರೆದಿರುತ್ತವೆ. ಕ್ಯಾಮೆರಾ ಎದುರಿನಿಂದ ಹತ್ತಿರಕ್ಕೆ ಬಂದಾಗ ಕೋಣೆಗಳು ಖಾಲಿ ಕಂಡರೆ ದೃಶ್ಯ ಸುಳ್ಳಾಗುತ್ತದೆ. ಅದಕ್ಕಾಗಿ ಗುಂಡಿನ ತುದಿ ಕಾಣುವ ಡಮ್ಮಿಗಳನ್ನು ತುಂಬುತ್ತಾರೆ. ಕೌಬಾಯ್ ಚಿತ್ರಗಳಲ್ಲಿ ಸೊಂಟಪಟ್ಟಿಯ ತುಂಬ ತೋಟಾ ಸಿಕ್ಕಿಸಿಕೊಳ್ಳುವ ರೂಢಿಯೂ ಇದೆ. ಅಂದರೆ ಇಂಥ ಸೆಟ್ಟಿನಲ್ಲಿ ಅಸಲಿಯಂತೆ ಕಾಣುವ ನೂರಾರು ತೋಟಾಗಳು ಓಡಾಡುತ್ತಿರುತ್ತವೆ. ಅವುಗಳ ನಡುವೆ ಒಂದು ಅಸಲಿ ಸೇರಿಕೊಂಡರೆ ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ.

ಗೊತ್ತು ಮಾಡಿಕೊಳ್ಳಲು ಉಪಾಯಗಳಿವೆ. ಡಮ್ಮಿಯ ಪಕ್ಕದಲ್ಲಿ ಸಣ್ಣ ರಂಧ್ರ ಕೊರೆದಿರುತ್ತಾರೆ, ಇಲ್ಲವೆ ಒಳಗೆ ಉಕ್ಕಿನ ಪುಟ್ಟ ಗೋಲಿಯೊಂದನ್ನು ಹಾಕಿರುತ್ತಾರೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗೆಜ್ಜೆಯಂತೆ ಸದ್ದು ಬರಬೇಕು. ಸದ್ದು ಬಾರದ ತೋಟಾ ಪಕ್ಕಕ್ಕಿಡಬೇಕು. ಎರಡು ನಿಮಿಷದ ಕೆಲಸ. ‘ರಸ್ಟ್’ ಸೆಟ್ಟಿನಲ್ಲಿ ತನಿಖಾಧಿಕಾರಿಗಳಿಗೆ ದೊರೆತ ಸಜೀವ ತೋಟಾಗಳು ಒಟ್ಟು ಆರು, ಹಚಿನ್ಸ್ ಅವರನ್ನು ಕೊಂದದ್ದೂ ಸೇರಿ. ಅವುಗಳಲ್ಲಿ ಕೆಲವು ಇದ್ದುದು ನಟರ ಸೊಂಟಪಟ್ಟಿಯಲ್ಲಿ.

‘ಕೋಲ್ಡ್ ಗನ್’ ಎಂಬ ಘೋಷಣೆ

ಹಾಲಿವುಡ್ ಸೆಟ್ಟುಗಳಲ್ಲಿ ಬಂದೂಕನ್ನು ನಟನಿಗೆ ಕೊಡುವ ಮುನ್ನ ಅದರ ಸ್ಥಿತಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವ ಪದ್ಧತಿಯಿದೆ. ಸಿಡಿಯುವಂಥದ್ದು ಏನೂ ಇಲ್ಲದಿದ್ದರೆ ‘ಕೋಲ್ಡ್ ಗನ್’, ಬ್ಲ್ಯಾಂಕ್ ತುಂಬಿದ್ದರೆ ‘ಹಾಟ್ ಗನ್’. ಅಂದು ಚರ್ಚ್‌ನೊಳಗೆ ಕೇಳಿಬಂದದ್ದು ‘ಕೋಲ್ಡ್ ಗನ್’ ಎಂಬ ಮಾತು. ಸುರಕ್ಷತೆಯ ಹೊಣೆ ಹೊತ್ತಿದ್ದ ಪ್ರಥಮ ಸಹಾಯಕ ನಿರ್ದೇಶಕರು, ಉರುಳೆಯ ಎಲ್ಲ ತೋಟಾಗಳನ್ನೂ ತಾವು ಪರೀಕ್ಷಿಸಬೇಕಿತ್ತು, ಪರೀಕ್ಷಿಸಲಿಲ್ಲ ಎಂದು ತನಿಖಾಧಿಕಾರಿಗಳ ಮುಂದೆ ಒಪ್ಪಿಕೊಂಡರು.

ಇಲ್ಲಿಯೇ ಹಳೆಯ ವಿನ್ಯಾಸದ ಸಮಸ್ಯೆ ಎದುರಾಗುತ್ತದೆ. ಇಂದಿನ ರಿವಾಲ್ವರಿನ ಉರುಳೆ ಪಕ್ಕಕ್ಕೆ ಹೊರಳುತ್ತದೆ. ಆರೂ ಕೋಣೆಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. 1873ರ ಕೋಲ್ಟ್‌ನಲ್ಲಿ ಆ ಸೌಕರ್ಯವಿಲ್ಲ. ಉರುಳೆ ಚೌಕಟ್ಟಿನೊಳಗೇ ಇರುತ್ತದೆ. ಬಲಬದಿಯ ಪುಟ್ಟ ಬಾಗಿಲು ತೆರೆದು, ಹ್ಯಾಮರನ್ನು ಅರ್ಧಕ್ಕೆ ಎಳೆದಿಟ್ಟು, ಉರುಳೆಯನ್ನು ಕೈಯಿಂದ ಒಂದೊಂದೇ ಹೆಜ್ಜೆ ತಿರುಗಿಸುತ್ತ ಒಂದೊಂದೇ ತೋಟಾ ಹೊರತೆಗೆಯಬೇಕು. ಆರು ಕೋಣೆಗೆ ಆರು ಸಲ. ಅವಸರದಲ್ಲಿರುವ ಮನುಷ್ಯ ಎರಡೋ ಮೂರೋ ನೋಡಿ ಉಳಿದದ್ದೂ ಹಾಗೇ ಇರಬಹುದೆಂದು ಬಾಗಿಲು ಮುಚ್ಚುವ ಸಾಧ್ಯತೆ ಈ ಯಂತ್ರದಲ್ಲಿ ಹೆಚ್ಚು.

ಮತ್ತೊಂದು ಸಂಗತಿ. ಈ ಬಂದೂಕಿಗೆ ಇಂದಿನ ಅರ್ಥದ ಸೇಫ್ಟಿ ಇರಲಿಲ್ಲ. ಮೂಲ ವಿನ್ಯಾಸದಲ್ಲಿ ಹ್ಯಾಮರ್ ಪೂರ್ತಿ ಕೆಳಗಿದ್ದಾಗ ಅದರ ಮೊನೆ ತೋಟಾದ ಪ್ರೈಮರಿನ ಮೇಲೆಯೇ ಕೂತಿರುತ್ತದೆ. ಬಂದೂಕು ಕೈಜಾರಿ ಬಿದ್ದರೂ ಸಿಡಿಯಬಹುದು. ಹತ್ತೊಂಬತ್ತನೆಯ ಶತಮಾನದ ಜನ ಇದನ್ನು ಬಲ್ಲವರಾಗಿದ್ದರು. ಆರು ಕೋಣೆಯಲ್ಲಿ ಐದನ್ನು ಮಾತ್ರ ತುಂಬಿ, ಖಾಲಿ ಕೋಣೆಯ ಮೇಲೆ ಹ್ಯಾಮರ್ ಇಳಿಸಿ ಸೊಂಟಕ್ಕೆ ಸಿಕ್ಕಿಸುವುದು ಅವರ ವಾಡಿಕೆ. ತಾವು ಟ್ರಿಗರ್ ಎಳೆಯಲಿಲ್ಲ ಎಂದು ಬಾಲ್ಡ್‌ವಿನ್ ಹೇಳುತ್ತಲೇ ಬಂದಿದ್ದಾರೆ. ಒಳಭಾಗಗಳು ಸುಸ್ಥಿತಿಯಲ್ಲಿದ್ದಾಗ ಟ್ರಿಗರ್ ಎಳೆಯದೆ ಈ ಬಂದೂಕು ಹಾರುವಂತೆ ಮಾಡಲಾಗಲಿಲ್ಲ ಎಂದು ಎಫ್‌ಬಿಐ ವರದಿ ಹೇಳಿತು. ಅದೇ ಪರೀಕ್ಷೆಯಲ್ಲಿ ಬಂದೂಕಿನ ಒಳಭಾಗಗಳು ಮುರಿದದ್ದು ಮುಂದೆ ನ್ಯಾಯಾಲಯದಲ್ಲಿ ವಾದವಿವಾದಕ್ಕೆ ವಸ್ತುವಾಯಿತು.

ಶಸ್ತ್ರಪಾಲಕಿ, ಅಂದರೆ ‘ಆರ್ಮರರ್’ ಹನ್ನಾ ಗುಟಿಯೆರೆಜ್-ರೀಡ್ ಆ ಹೊತ್ತಿನಲ್ಲಿ ಚರ್ಚ್‌ನೊಳಗೆ ಇರಲಿಲ್ಲ. ಆಕೆಗೆ ಬಂದೂಕಿನ ಹೊಣೆಯ ಜೊತೆಗೆ ಇತರ ಪರಿಕರಗಳ ಕೆಲಸವನ್ನೂ ಹಚ್ಚಲಾಗಿತ್ತು. ಅದಕ್ಕೂ ಐದು ದಿನ ಮೊದಲು ಅದೇ ಸೆಟ್ಟಿನಲ್ಲಿ ಬ್ಲ್ಯಾಂಕ್‌ಗಳು ಅಕಸ್ಮಾತ್ತಾಗಿ ಸಿಡಿದಿದ್ದವು. ಯಾರಿಗೂ ಗಾಯವಾಗಲಿಲ್ಲ, ಚಿತ್ರೀಕರಣ ನಿಲ್ಲಲಿಲ್ಲ. ನ್ಯೂ ಮೆಕ್ಸಿಕೋದ ಕಾರ್ಮಿಕ ಸುರಕ್ಷತಾ ಇಲಾಖೆ 2022ರ ಏಪ್ರಿಲ್‌ನಲ್ಲಿ ನಿರ್ಮಾಣ ಸಂಸ್ಥೆಗೆ ಕಾನೂನಿನಲ್ಲಿದ್ದ ಗರಿಷ್ಠ ದಂಡವಾದ 1,36,793 ಡಾಲರ್ ವಿಧಿಸಿತು. 2023ರಲ್ಲಿ ಆದ ಒಪ್ಪಂದದಂತೆ ಅದು 1 ಲಕ್ಷ ಡಾಲರಿಗೆ ಇಳಿಯಿತು.

ಕ್ರಿಮಿನಲ್ ಪ್ರಕರಣದ ಕಥೆ ದೀರ್ಘವಾದುದು. ಸಂಕ್ಷೇಪವಾಗಿ ಹೇಳುವುದಾದರೆ, ಸಹಾಯಕ ನಿರ್ದೇಶಕರಿಗೆ 2023ರಲ್ಲಿ ಆರು ತಿಂಗಳ ಪ್ರೊಬೇಷನ್ ಆಯಿತು. ಸಜೀವ ತೋಟಾಗಳನ್ನು ಸೆಟ್ಟಿಗೆ ತಂದವರು ಶಸ್ತ್ರಪಾಲಕಿಯೇ ಎಂದು ಸರಕಾರಿ ವಕೀಲರು ವಾದಿಸಿದರು. 2024ರ ಮಾರ್ಚ್‌ನಲ್ಲಿ ಜ್ಯೂರಿ ಆಕೆಯನ್ನು ಅಜಾಗರೂಕತೆಯಿಂದ ಸಾವಿಗೆ ಕಾರಣಳಾದ ಅಪರಾಧಿಯೆಂದು ಸಾರಿತು. ಏಪ್ರಿಲ್‌ನಲ್ಲಿ 18 ತಿಂಗಳ ಸೆರೆವಾಸ ವಿಧಿಸಲಾಯಿತು. 2025ರ ಮೇ ತಿಂಗಳಲ್ಲಿ ಪೆರೋಲ್ ಮೇಲೆ ಬಿಡುಗಡೆಯಾಯಿತು. ಬಾಲ್ಡ್‌ವಿನ್ ವಿರುದ್ಧದ ವಿಚಾರಣೆ 2024ರ ಜುಲೈನಲ್ಲಿ ಆರಂಭವಾಗಿ ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ತೋಟಾಗಳಿಗೆ ಸಂಬಂಧಿಸಿದ ಸಾಕ್ಷ್ಯವನ್ನು ಪ್ರತಿವಾದಿಗಳಿಗೆ ಒದಗಿಸದೆ ಮುಚ್ಚಿಡಲಾಗಿತ್ತು ಎಂಬ ಕಾರಣಕ್ಕೆ ಜುಲೈ 12ರಂದು ನ್ಯಾಯಾಧೀಶರು ಪ್ರಕರಣವನ್ನೇ ವಜಾ ಮಾಡಿದರು. ಅದನ್ನು ಮತ್ತೆ ಹೂಡುವಂತಿಲ್ಲ.

ಬ್ರೂಸ್ ಲೀ ಮಗನ ಸಾವು ಕಲಿಸಿದ್ದು

‘ರಸ್ಟ್’ ಸುದ್ದಿ ಬಂದ ದಿನ ಹಳೆಯ ಸಿನಿಪ್ರಿಯರಿಗೆ ನೆನಪಾದದ್ದು ಬ್ರಾಂಡನ್ ಲೀ. ಬ್ರೂಸ್ ಲೀ ಅವರ ಮಗ. 1993ರ ಮಾರ್ಚ್ 31ರಂದು ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ‘ದಿ ಕ್ರೋ’ ಚಿತ್ರೀಕರಣದಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ 28 ವರ್ಷ. ಅಲ್ಲಿ ಬಳಸಿದ್ದು ಐತಿಹಾಸಿಕ ಆಯುಧವಲ್ಲ, ಆಧುನಿಕ .44 ಮ್ಯಾಗ್ನಮ್ ರಿವಾಲ್ವರ್. ಆದರೂ ಇಲ್ಲಿ ಅದನ್ನು ವಿವರವಾಗಿಯೇ ಹೇಳಬೇಕಾಗಿದೆ. ಬಂದೂಕಿನ ಯಾವ ಭಾಗವನ್ನು ಯಾರೂ ನೋಡುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣ ಇನ್ನೊಂದಿಲ್ಲ.

ಹತ್ತಿರದ ದೃಶ್ಯವೊಂದಕ್ಕೆ ಡಮ್ಮಿಗಳು ಬೇಕಿದ್ದವು. ಸಿದ್ಧ ಡಮ್ಮಿ ಇರಲಿಲ್ಲವಾದ್ದರಿಂದ ಅಸಲಿ ತೋಟಾಗಳನ್ನು ಬಿಚ್ಚಿ, ಮದ್ದು ಸುರಿದು, ಗುಂಡನ್ನು ಮತ್ತೆ ಕೂರಿಸಲಾಯಿತು. ತಳದ ಪ್ರೈಮರ್ ಹಾಗೇ ಉಳಿಯಿತು. ಯಾವುದೋ ಸಂದರ್ಭದಲ್ಲಿ ಟ್ರಿಗರ್ ಎಳೆದಾಗ ಪ್ರೈಮರಿನ ಪುಟ್ಟ ಸ್ಫೋಟವೇ ಗುಂಡನ್ನು ಕೋಣೆಯಿಂದ ತಳ್ಳಿ ನಳಿಗೆಯೊಳಗೆ ಸಿಕ್ಕಿಸಿತು. ಅದು ಹೊರಬೀಳಲಿಲ್ಲ, ಯಾರ ಗಮನಕ್ಕೂ ಬರಲಿಲ್ಲ. ಮುಂದೆ ಅದೇ ಬಂದೂಕಿಗೆ ಬ್ಲ್ಯಾಂಕ್ ತುಂಬಿ ಲೀ ಅವರತ್ತ ಹಾರಿಸಿದಾಗ, ಬ್ಲ್ಯಾಂಕಿನ ಪೂರ್ಣ ಮದ್ದು ನಳಿಗೆಯಲ್ಲಿದ್ದ ಗುಂಡನ್ನು ಹೊಟ್ಟೆಗೆ ನೂಕಿತು. ಡಮ್ಮಿಯಲ್ಲಿ ಮದ್ದಿರಲಿಲ್ಲ. ಬ್ಲ್ಯಾಂಕಿನಲ್ಲಿ ಗುಂಡಿರಲಿಲ್ಲ. ಎರಡೂ ಸೇರಿ ಒಂದು ಸಜೀವ ತೋಟಾ ಆಯಿತು. ಬಂದೂಕು ಬಲ್ಲ ತಜ್ಞರು ಆ ರಾತ್ರಿ ಸೆಟ್ಟಿನಲ್ಲಿ ಇರಲಿಲ್ಲ. ಹಾರಿಸುವ ಮುನ್ನ ನಳಿಗೆಯೊಳಗೆ ಒಂದು ಕಡ್ಡಿ ಇಳಿಸಿದ್ದರೆ, ಅಥವಾ ಟಾರ್ಚ್ ಹಾಕಿ ನೋಡಿದ್ದರೆ, ತಡೆ ಕಾಣುತ್ತಿತ್ತು.

ಬ್ಲ್ಯಾಂಕ್ ತಾನೇ ಎಂಬ ಉಡಾಫೆಗೂ ಉತ್ತರವಿದೆ. 1984ರ ಅಕ್ಟೋಬರ್ 12ರಂದು ‘ಕವರ್ ಅಪ್’ ಎಂಬ ಟಿವಿ ಧಾರಾವಾಹಿಯ ಸೆಟ್ಟಿನಲ್ಲಿ ನಟ ಜಾನ್-ಎರಿಕ್ ಹೆಕ್ಸಮ್, ಚಿತ್ರೀಕರಣ ತಡವಾಗುತ್ತಿದ್ದ ಬೇಸರಕ್ಕೆ ತಮಾಷೆಯಾಗಿ ಬ್ಲ್ಯಾಂಕ್ ತುಂಬಿದ ರಿವಾಲ್ವರನ್ನು ಕಣತಲೆಗೆ ಹಿಡಿದು ಟ್ರಿಗರ್ ಎಳೆದರು. ಗುಂಡು ಇರಲಿಲ್ಲ. ಬಿಸಿ ಅನಿಲದ ಹೊಡೆತಕ್ಕೆ ತಲೆಬುರುಡೆಯ ಚೂರು ಮಿದುಳಿಗೆ ಇಳಿಯಿತು. ಆರು ದಿನಗಳ ಬಳಿಕ ಅವರ ಸಾವು ಘೋಷಣೆಯಾಯಿತು.

ಚಿತ್ರರಂಗದ ಬಾಲ್ಯದಲ್ಲಿ ಇಷ್ಟೂ ಎಚ್ಚರವಿರಲಿಲ್ಲ. ಸೆಸಿಲ್ ಬಿ. ಡಿಮಿಲ್ 1915ರಲ್ಲಿ ‘ದಿ ಕ್ಯಾಪ್ಟಿವ್’ ಚಿತ್ರಕ್ಕಾಗಿ ಬಾಗಿಲೊಂದನ್ನು ಅಸಲಿ ಗುಂಡುಗಳಿಂದಲೇ ಒಡೆಸಿದ್ದರು. ನಂತರದ ದೃಶ್ಯಕ್ಕೆ ಬ್ಲ್ಯಾಂಕ್ ತುಂಬುವಂತೆ ಸೂಚಿಸಿದರೂ ಒಂದು ಬಂದೂಕಿನಲ್ಲಿ ಅಸಲಿ ಗುಂಡು ಉಳಿದು ಸಹನಟನೊಬ್ಬನ ಪ್ರಾಣ ಹೋಯಿತು. 1931ರ ‘ದಿ ಪಬ್ಲಿಕ್ ಎನಿಮಿ’ಯಲ್ಲಿ ನಾಯಕ ಜೇಮ್ಸ್ ಕ್ಯಾಗ್ನಿ ಮರೆಯಾದ ಗೋಡೆಗೆ ಗುರಿಕಾರನೊಬ್ಬ ನಿಜವಾದ ಗುಂಡುಗಳನ್ನೇ ಹಾರಿಸಿದ್ದ. ಒಂದೇ ಸೆಟ್ಟಿನಲ್ಲಿ ಅಸಲಿಯೂ ಹುಸಿಯೂ ಇರಬಾರದೆಂಬುದು 1915ರಲ್ಲೇ ಗೊತ್ತಾದ ಪಾಠ. 2021ರಲ್ಲಿ ಮತ್ತೆ ಕಲಿಯಬೇಕಾಯಿತು.

ಚಕಮಕಿ ಬಂದೂಕಿನ ಗುಟ್ಟು

ರಿವಾಲ್ವರಿಗಿಂತಲೂ ಹಿಂದಕ್ಕೆ ಹೋದರೆ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಟಿಪ್ಪು ಸುಲ್ತಾನ್ ಮಡಿದ 1799ರ ಶ್ರೀರಂಗಪಟ್ಟಣದ ಯುದ್ಧವಿರಲಿ, 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಹತನಾದ ಕಿತ್ತೂರಿನ ಕಾಳಗವಿರಲಿ, ಅಂದಿನ ಸಿಪಾಯಿಯ ಹೆಗಲಲ್ಲಿದ್ದುದು ಬಾಯಿಯಿಂದ ಮದ್ದು ತುಂಬುವ ಚಕಮಕಿ ಬಂದೂಕು. ಕನ್ನಡದ ಐತಿಹಾಸಿಕ ಚಿತ್ರಗಳಿಗೂ ಧಾರಾವಾಹಿಗಳಿಗೂ ಬೇಕಾದದ್ದು ಇದೇ.

ಇದರಲ್ಲಿ ತೋಟಾ ಎಂಬುದೇ ಇಲ್ಲ. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ಅದರ ಮೇಲೆ ಗುಂಡು ಇಳಿಸಿ, ಉದ್ದನೆಯ ಸಲಾಕೆಯಿಂದ ಜಡಿಯುತ್ತಾರೆ. ಹಿಂಬದಿಯಲ್ಲಿ ನಳಿಗೆಗೆ ಕೊರೆದ ಸೂಕ್ಷ್ಮ ರಂಧ್ರ; ಅದರ ಹೊರಗೆ ಪುಟ್ಟ ಬಟ್ಟಲು. ಬಟ್ಟಲಿಗೆ ರಂಜಕವೆಂಬ ನುಣ್ಣನೆಯ ಮದ್ದು ಹಾಕುತ್ತಾರೆ. ಟ್ರಿಗರ್ ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬಟ್ಟಲಿಗೆ ಬೀಳುತ್ತದೆ, ರಂಜಕ ಹೊತ್ತಿ ಜ್ವಾಲೆ ರಂಧ್ರದ ಮೂಲಕ ಒಳಗೆ ಹೋಗುತ್ತದೆ, ಆಮೇಲೆ ಗುಂಡು ಹಾರುತ್ತದೆ. ಮಲೆನಾಡಿನವರು ಬಲ್ಲ ಕೇಪಿನ ಕೋವಿ ಇದರ ಮುಂದಿನ ತಲೆಮಾರು. ಅಲ್ಲಿ ಚಕಮಕಿಯ ಬದಲು ತಾಮ್ರದ ಕೇಪು.

ಈಗ ಪ್ರಶ್ನೆ: ಗೋಡೆಗೆ ಒರಗಿಸಿಟ್ಟ ಇಂಥ ಬಂದೂಕಿನಲ್ಲಿ ಮದ್ದು ಇದೆಯೇ ಇಲ್ಲವೇ? ಹೊರಗಿನಿಂದ ನೋಡಿ ಹೇಳಲು ಸಾಧ್ಯವೇ ಇಲ್ಲ. ತೆರೆದು ನೋಡಲು ಬಾಗಿಲಿಲ್ಲ, ಹೊರತೆಗೆಯಲು ತೋಟಾ ಇಲ್ಲ. ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡುವಂತೆಯೂ ಇಲ್ಲ. ಎಷ್ಟೋ ವರ್ಷದಿಂದ ಅಟ್ಟದಲ್ಲಿದ್ದ ಬಂದೂಕಿನಲ್ಲಿಯೂ ಒಣಗಿದ ಮದ್ದು ಉಳಿದಿರಬಹುದು.

ಯುದ್ಧಭೂಮಿಯಲ್ಲಿ ಸಿಪಾಯಿಗಳಿಗೇ ಇದು ಗೊತ್ತಾಗುತ್ತಿರಲಿಲ್ಲ. 1863ರ ಜುಲೈನಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಕದನದ ನಂತರ ನೆಲದಿಂದ ಆಯ್ದ 27 ಸಾವಿರಕ್ಕೂ ಹೆಚ್ಚು ಬಂದೂಕುಗಳಲ್ಲಿ ಸುಮಾರು 24 ಸಾವಿರ ತುಂಬಿದ ಸ್ಥಿತಿಯಲ್ಲಿದ್ದವು. ಅವುಗಳ ಪೈಕಿ ಅರ್ಧದಷ್ಟರಲ್ಲಿ ಒಂದರ ಮೇಲೊಂದರಂತೆ ಎರಡು ಸಲ ಮದ್ದುಗುಂಡು ತುಂಬಲಾಗಿತ್ತು. ಗದ್ದಲದಲ್ಲಿ ತನ್ನ ಬಂದೂಕು ಹಾರಿತೋ ಇಲ್ಲವೋ ಎಂಬುದೇ ತಿಳಿಯದೆ ಸಿಪಾಯಿ ಮತ್ತೆ ಮತ್ತೆ ತುಂಬುತ್ತ ಹೋಗಿದ್ದ. ನೂರಾರು ಸಹನಟರು ಒಟ್ಟಿಗೆ ಬಂದೂಕು ಹಾರಿಸುವ ಚಿತ್ರೀಕರಣದಲ್ಲಿ ಇದೇ ಆಗಬಹುದು: ಪಕ್ಕದವನ ಬಂದೂಕಿನ ಸದ್ದನ್ನು ತನ್ನದೆಂದು ತಿಳಿದವನು ಎರಡನೆಯ ಟೇಕ್‌ಗೆ ಮತ್ತೆ ಮದ್ದು ಸುರಿಯುತ್ತಾನೆ.

ಪರೀಕ್ಷೆಗೆ ಹಳೆಯ ಸಿಪಾಯಿಗಳ ಉಪಾಯವೇ ಇಂದಿಗೂ ಉಪಾಯ. ಸಲಾಕೆಯನ್ನು ನಳಿಗೆಗೆ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆಯಬೇಕು. ಅದನ್ನು ನಳಿಗೆಯ ಹೊರಗೆ ಅಳತೆಯಾಗಿ ಹಿಡಿದಾಗ ತುದಿ ರಂಧ್ರದ ನೇರಕ್ಕೆ ಬಂದರೆ ಬಂದೂಕು ಖಾಲಿ. ಎರಡು ಮೂರು ಬೆರಳಿನಷ್ಟು ಮೇಲೆಯೇ ನಿಂತರೆ ಒಳಗೆ ಏನೋ ಇದೆ. ಖಾಲಿ ಬಂದೂಕಿನ ಅಳತೆಯನ್ನು ಮೊದಲೇ ಸಲಾಕೆಯ ಮೇಲೆ ಗೀರಿಟ್ಟುಕೊಂಡರೆ ಕೆಲಸ ಇನ್ನೂ ಸುಲಭ. ಪ್ರತಿ ಟೇಕ್‌ಗೆ, ಪ್ರತಿ ಬಂದೂಕಿಗೆ ಇದನ್ನು ಮಾಡಬೇಕು. ಐವತ್ತು ಸಿಪಾಯಿಗಳ ಸಾಲಿದ್ದರೆ ಐವತ್ತು ಸಲ. ನಿರ್ಮಾಪಕರ ಗಡಿಯಾರಕ್ಕೆ ಇದು ಹಿಡಿಸುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕರಿಮದ್ದಿನ ಸ್ವಭಾವವೂ ಬೇರೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣ ಒಂದು ಕಿಡಿ ತಾಗಿದರೂ ಧಗ್ಗನೆ ಹೊತ್ತಿಕೊಳ್ಳುತ್ತದೆ. ಆಧುನಿಕ ಹೊಗೆರಹಿತ ಮದ್ದಿನಂತೆ ಪೂರ್ತಿ ಉರಿಯದೆ ನಳಿಗೆಯಲ್ಲಿ ಕಿಟ್ಟ ಉಳಿಸುತ್ತದೆ. ಕೆಲವೊಮ್ಮೆ ಕೆಂಡದ ಚೂರನ್ನೂ ಉಳಿಸುತ್ತದೆ. ಹಾರಿಸಿದ ಕೂಡಲೇ ಮತ್ತೆ ಮದ್ದು ಸುರಿದರೆ ಆ ಕೆಂಡವೇ ಅದನ್ನು ಹೊತ್ತಿಸಬಹುದು. ಸುರಿಯುವವನ ಮುಖ ನಳಿಗೆಯ ಬಾಯಿಯ ಬಳಿ ಇರುತ್ತದೆ, ಕೈಯಲ್ಲಿ ಮದ್ದಿನ ಕೊಂಬು ಇರುತ್ತದೆ. ಈ ಕಾರಣಕ್ಕೆ ವಿದೇಶಗಳಲ್ಲಿ ಐತಿಹಾಸಿಕ ಕದನಗಳ ಮರುಪ್ರದರ್ಶನ ನಡೆಸುವ ತಂಡಗಳು ಕೊಂಬಿನಿಂದ ನೇರವಾಗಿ ಸುರಿಯಲು ಬಿಡುವುದಿಲ್ಲ. ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಕಾಗದದ ಪೊಟ್ಟಣಗಳಲ್ಲಿ ಅಳೆದು ಕೊಡುತ್ತವೆ. ಮದ್ದಿನ ಮೇಲೆ ಕಾಗದವನ್ನೋ ಬಟ್ಟೆಯನ್ನೋ ಜಡಿಯುವಂತಿಲ್ಲ, ಏಕೆಂದರೆ ಬಿಗಿಯಾಗಿ ಜಡಿದ ಕಾಗದದ ಉಂಡೆಯೂ ಹತ್ತಿರದಿಂದ ಗುಂಡಿನಂತೆಯೇ ಹೊಡೆಯುತ್ತದೆ. ಜಡಿದ ಸಲಾಕೆಯನ್ನು ನಳಿಗೆಯಲ್ಲೇ ಮರೆತು ಹಾರಿಸಿದರೆ ಅದು ಬಾಣವಾಗುತ್ತದೆ. ಹೀಗಾಗಿ ಹಲವು ತಂಡಗಳಲ್ಲಿ ಸಾಲಿನಲ್ಲಿ ನಿಂತ ಮೇಲೆ ಸಲಾಕೆಯನ್ನು ಮುಟ್ಟುವುದೇ ನಿಷಿದ್ಧ.

ಇನ್ನೊಂದು ಅಪಾಯ ಪಕ್ಕದವನಿಗೆ. ಚಕಮಕಿ ಬಂದೂಕಿನ ಬಟ್ಟಲಿನ ರಂಧ್ರದಿಂದ ಬೆಂಕಿ ಮುಂದಕ್ಕಲ್ಲ, ಬಲಬದಿಗೆ ಚಿಮ್ಮುತ್ತದೆ. ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಲ್ಲಿ ಅದು ನೆರೆಯವನ ಕೆನ್ನೆ, ಕಿವಿಗಳ ಮಟ್ಟಕ್ಕೇ ಬರುತ್ತದೆ. ಟ್ರಿಗರ್ ಎಳೆದರೂ ಹಾರದಿದ್ದರೆ ಬಂದೂಕನ್ನು ತಿರುಗಿಸಿ ‘ಏನಾಯಿತು’ ಎಂದು ನೋಡುವುದು ಮನುಷ್ಯ ಸಹಜ ಕುತೂಹಲ. ಅದೇ ಅತ್ಯಂತ ಅಪಾಯಕಾರಿ ಕ್ಷಣ. ರಂಜಕ ನಿಧಾನವಾಗಿ ಉರಿದು ಕೆಲ ಕ್ಷಣ ತಡವಾಗಿ ಮದ್ದು ಹೊತ್ತಿಕೊಳ್ಳುವುದುಂಟು. ಬಾಯಿಯನ್ನು ನಿರ್ಜನ ದಿಕ್ಕಿಗೆ ಹಿಡಿದು ಕಾಯಬೇಕು.

ಇನ್ನು ಅಸಲಿ ಪುರಾತನ ಬಂದೂಕು ಬಳಸುವ ಮಾತು. ಒಳಗೆ ತುಕ್ಕು ತಿಂದ, ಬೆಸುಗೆ ಸಡಿಲಿದ ನಳಿಗೆ ಬ್ಲ್ಯಾಂಕಿನ ಒತ್ತಡವನ್ನೂ ತಾಳದೆ ಸೀಳಬಹುದು. ಕರಿಮದ್ದಿಗೆಂದು ಮಾಡಿದ ನಳಿಗೆಯಲ್ಲಿ ಹೊಗೆರಹಿತ ಮದ್ದು ತುಂಬಿದರಂತೂ ಬಂದೂಕು ಹಾರಿಸಿದವನ ಕೈಯಲ್ಲೇ ಒಡೆಯುತ್ತದೆ. ಪುರಾತನ ಆಯುಧ ಕ್ಯಾಮೆರಾಕ್ಕೆ ತೋರಿಸಲು ಚೆನ್ನ, ಹಾರಿಸಲು ಅಲ್ಲ.

ನಮ್ಮಲ್ಲಿ

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಪುರಾತನ ಆಯುಧಗಳಿಗೆ ವಿನಾಯಿತಿ ನೀಡಿದೆ ಎಂಬ ನಂಬಿಕೆ ಸಾಕಷ್ಟು ವ್ಯಾಪಕ. ಕಾಯ್ದೆಯ 45ನೆಯ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ, ಆದರೆ ಷರತ್ತಿನೊಂದಿಗೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂಥ ಆಯುಧಕ್ಕೆ ಮಾತ್ರ ಅದು ಅನ್ವಯ. ತಾತನ ಕಾಲದ ಕೋವಿ ಹಾರುವ ಸ್ಥಿತಿಯಲ್ಲಿದ್ದರೆ, ಅಥವಾ ಕಮ್ಮಾರ ಸರಿಪಡಿಸಿದರೆ ಹಾರುವಂತಿದ್ದರೆ, ಕಾನೂನಿನ ಕಣ್ಣಿಗೆ ಅದು ಬಂದೂಕೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಆ ನಾಡಿನಲ್ಲಿ ಕೋವಿಯ ಬಾಯಿಯನ್ನು ಯಾರತ್ತ ತಿರುಗಿಸಬಾರದೆಂಬುದನ್ನು ಮಕ್ಕಳಿಗೆ ಹಿರಿಯರು ಹೇಳಿಕೊಡುತ್ತಾರೆ. ನಾಲ್ಕು ದಿನದ ಕಾಲ್‌ಶೀಟಿಗೆ ಬಂದ ಸಹನಟನಿಗೆ ಅದನ್ನು ಹೇಳುವವರು ಯಾರು?

ಕರ್ನಾಟಕದ ಚಿತ್ರೀಕರಣಗಳಲ್ಲಿ ಪ್ರಾಣಹಾನಿ ಸಂಭವಿಸಿದ್ದು ಗುಂಡಿನಿಂದಲ್ಲ, ಬೇರೆ ಕಾರಣಗಳಿಂದ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಮಂದಿ ಸುಟ್ಟು ಸತ್ತರು; ನಾಯಕ-ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಗಾಯಗೊಂಡರು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಧುಮುಕಿದ ಇಬ್ಬರು ಖಳನಟರು ನೀರು ಪಾಲಾದರು. ಸಾಧನ ಬೇರೆ, ಸಂದರ್ಭ ಬೇರೆ. ಆದರೆ ‘ಇದನ್ನು ಇನ್ನೊಬ್ಬರು ನೋಡಿಕೊಂಡಿರುತ್ತಾರೆ’ ಎಂಬ ಭರವಸೆ ಎಲ್ಲ ಸೆಟ್ಟುಗಳಲ್ಲೂ ಒಂದೇ ತೆರನಾದದ್ದು.

ಹೊಣೆ ಯಾರದು, ಬದಲಿ ಏನು?

ಹಾಲಿವುಡ್‌ನ ಕಾರ್ಮಿಕ-ಆಡಳಿತ ಜಂಟಿ ಸುರಕ್ಷತಾ ಸಮಿತಿಯ ಮೊದಲನೆಯ ಸುತ್ತೋಲೆಯೇ ಬಂದೂಕಿನ ಕುರಿತಾದದ್ದು. ಪ್ರತಿ ಬಂದೂಕನ್ನೂ ತುಂಬಿದ್ದೆಂದೇ ಭಾವಿಸಬೇಕು, ಸಜೀವ ಗುಂಡನ್ನು ಸ್ಟುಡಿಯೊದೊಳಗೆ ತರಲೇಬಾರದು ಎಂದು ಅದು ಹೇಳುತ್ತದೆ. ‘ರಸ್ಟ್’ ದುರಂತಕ್ಕೂ ಎಷ್ಟೋ ಮೊದಲೇ ಇದು ಚಾಲ್ತಿಯಲ್ಲಿತ್ತು. ನಿಯಮ ಇರಲಿಲ್ಲ ಎನ್ನುವಂತಿಲ್ಲ.

ನಿಯಮ ಪಾಲನೆಯಾಗುವ ಸೆಟ್ಟಿನಲ್ಲಿ ಬಂದೂಕುಗಳು ಬೀಗದ ಪೆಟ್ಟಿಗೆಯಲ್ಲಿರುತ್ತವೆ; ಕೀಲಿ ಶಸ್ತ್ರಪಾಲಕನ ಬಳಿ. ಟೇಕ್‌ಗೆ ಸ್ವಲ್ಪ ಮೊದಲು ಆತನೇ ತಂದು, ನಳಿಗೆಗೆ ಟಾರ್ಚ್ ಬಿಟ್ಟು, ಕೋಣೆಗಳನ್ನು ಒಂದೊಂದಾಗಿ ತೆರೆದು ಸಹಾಯಕ ನಿರ್ದೇಶಕರಿಗೂ ನಟನಿಗೂ ಎದುರಿಗಿರುವವರಿಗೂ ತೋರಿಸುತ್ತಾನೆ. ಡಮ್ಮಿಯಾದರೆ ಅಲ್ಲಾಡಿಸಿ ಕೇಳಿಸುತ್ತಾನೆ. ‘ಕಟ್’ ಎಂದ ಕ್ಷಣ ಬಂದೂಕು ಮರಳಿ ಆತನ ಕೈಗೆ. ಮಧ್ಯೆ ಯಾರೂ ಅದನ್ನು ಮೇಜಿನ ಮೇಲಿಡುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ತಾಲೀಮಿಗೆ ಹಾರಬಲ್ಲ ಬಂದೂಕಿನ ಅಗತ್ಯವೇ ಇಲ್ಲ, ರಬ್ಬರಿನದು ಸಾಕು. ‘ರಸ್ಟ್’ ಸೆಟ್ಟಿನಲ್ಲಿ ಅಂದು ನಡೆದದ್ದು ತಾಲೀಮು ಎಂಬುದನ್ನು ಇಲ್ಲಿ ನೆನೆಯಬೇಕು.

ನಟನ ಹೊಣೆ ಎಷ್ಟು ಎಂಬ ಬಗ್ಗೆ ಹಾಲಿವುಡ್‌ನಲ್ಲಿ ಇಂದಿಗೂ ಒಮ್ಮತವಿಲ್ಲ. ತೋಟಾಗಳನ್ನು ಪರೀಕ್ಷಿಸುವುದು ನಟನ ಕೆಲಸವಲ್ಲ, ಆತ ಕೈಯಾಡಿಸಿದರೆ ಶಸ್ತ್ರಪಾಲಕನ ವ್ಯವಸ್ಥೆಯೇ ಕೆಡುತ್ತದೆ ಎಂಬುದು ಒಂದು ವಾದ. ಟ್ರಿಗರಿನ ಮೇಲೆ ಬೆರಳಿರುವುದು ಆತನದೇ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಶಸ್ತ್ರಪಾಲಕ ತೆರೆದು ತೋರಿಸುವಾಗ ಎದುರು ನಿಂತು ನೋಡುವುದಕ್ಕೆ ಯಾವ ತಜ್ಞತೆಯೂ ಬೇಕಾಗಿಲ್ಲ, ಅದಕ್ಕಾಗಿ ಆಗುವ ತಡವೂ ಕೆಲವೇ ನಿಮಿಷ.

ಬಂದೂಕನ್ನೇ ತೊರೆಯುವ ದಾರಿಯನ್ನು ಕೆಲವರು ಹಿಡಿದರು. ‘ದಿ ರೂಕಿ’ ಎಂಬ ಅಮೆರಿಕದ ಧಾರಾವಾಹಿ ದುರಂತದ ಮರುದಿನಗಳಲ್ಲೇ ಅಸಲಿ ಬಂದೂಕು ಬಿಟ್ಟು ಗಾಳಿ ಬಂದೂಕು ಬಳಸಿ, ಬೆಂಕಿಯನ್ನು ಕಂಪ್ಯೂಟರಿನಲ್ಲಿ ಸೇರಿಸುವುದಾಗಿ ಪ್ರಕಟಿಸಿತು. ನಟ ಡ್ವೇನ್ ಜಾನ್ಸನ್ ತಮ್ಮ ನಿರ್ಮಾಣ ಸಂಸ್ಥೆಯ ಚಿತ್ರಗಳಲ್ಲಿ ಇನ್ನು ರಬ್ಬರ್ ಬಂದೂಕು ಮಾತ್ರ ಎಂದರು. ಕ್ಯಾಲಿಫೋರ್ನಿಯಾ 2023ರಲ್ಲಿ ಸೆಟ್ಟುಗಳ ಬಂದೂಕು ಬಳಕೆಗೆ ಕಾನೂನಿನ ಕಟ್ಟಳೆ ತಂದಿತು.

ಆಧುನಿಕ ಕಥೆಗೆ ಕಂಪ್ಯೂಟರ್ ಬೆಂಕಿ ಸುಲಭ. ಚಕಮಕಿ ಬಂದೂಕಿಗೆ ಅಷ್ಟು ಸುಲಭವಲ್ಲ. ಬಟ್ಟಲಿನ ಜ್ವಾಲೆಗೂ ನಳಿಗೆಯ ಜ್ವಾಲೆಗೂ ನಡುವಿನ ಕ್ಷಣಮಾತ್ರದ ಅಂತರ, ಆಗ ನಟ ತಾನಾಗಿಯೇ ಕಣ್ಣು ಕಿರಿದಾಗಿಸುವುದು, ಸಾಲಿನ ಮೇಲೆ ತೆರೆತೆರೆಯಾಗಿ ಕವಿಯುವ ಬಿಳಿ ಹೊಗೆ, ಆ ಹೊಗೆಯಲ್ಲಿ ಕುದುರೆ ಬೆದರುವುದು ಇವೆಲ್ಲವನ್ನೂ ಹುಟ್ಟಿಸಲು ದುಡ್ಡೂ ಬೇಕು, ನೈಪುಣ್ಯವೂ ಬೇಕು. ನಿರ್ದೇಶಕರು ಕರಿಮದ್ದನ್ನು ಬಿಡಲೊಪ್ಪದಿರುವುದು ಇದಕ್ಕೇ. ಮಧ್ಯಮ ಮಾರ್ಗವೂ ಇದೆ: ಕ್ಯಾಮೆರಾದಿಂದ ದೂರದ ಸಾಲುಗಳಿಗೆ ಮರದ ಅಥವಾ ರಬ್ಬರಿನ ಬಂದೂಕು, ಹೊಗೆಯಂತ್ರದ ಹೊಗೆ, ಮುಂದಿನ ಸಾಲಿನ ತರಬೇತಾದ ನಾಲ್ಕಾರು ಜನರಿಗೆ ಮಾತ್ರ ಹಾರುವ ಪ್ರತಿಕೃತಿ, ಅದೂ ಯಾರ ಮೈಯತ್ತಲೂ ಗುರಿಯಿಡದೆ ಪಕ್ಕಕ್ಕೆ ಸರಿಸಿ ಹಿಡಿದು. ಕ್ಯಾಮೆರಾದ ಕೋನದಲ್ಲಿ ಆ ವ್ಯತ್ಯಾಸ ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಎದುರಿಗೆ ಕ್ಯಾಮೆರಾ ಇರಲೇಬೇಕಾದರೆ ಅದರ ಹಿಂದೆ ಮನುಷ್ಯರಿರಬೇಕಾಗಿಲ್ಲ, ದೂರದಿಂದ ನಿಯಂತ್ರಿಸಬಹುದು.

‘ರಸ್ಟ್’ ಚಿತ್ರೀಕರಣ 2023ರಲ್ಲಿ ಮೊಂಟಾನಾ ರಾಜ್ಯದಲ್ಲಿ ಪುನರಾರಂಭವಾಯಿತು. ಹಚಿನ್ಸ್ ಅವರ ಪತಿ ಕಾರ್ಯಕಾರಿ ನಿರ್ಮಾಪಕರಾದರು. ಸೋಜಾ ಅವರೇ ನಿರ್ದೇಶಿಸಿದರು. ಹಾರಬಲ್ಲ ಬಂದೂಕಿಗೂ ಯಾವುದೇ ಬಗೆಯ ತೋಟಾಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. ಚಿತ್ರ 2024ರ ನವೆಂಬರ್‌ನಲ್ಲಿ ಪೋಲೆಂಡ್‌ನ ಛಾಯಾಗ್ರಹಣ ಉತ್ಸವವೊಂದರಲ್ಲಿ ಮೊದಲ ಪ್ರದರ್ಶನ ಕಂಡು, 2025ರ ಮೇ ತಿಂಗಳಲ್ಲಿ ತೆರೆಗೆ ಬಂತು. ಅಂದು ಚರ್ಚ್‌ನಲ್ಲಿ ತಾಲೀಮು ನಡೆಯುತ್ತಿದ್ದ ದೃಶ್ಯ ಅದರಲ್ಲಿಲ್ಲ.